ವೇಳಾಪಟ್ಟಿಯಲ್ಲಿ ಮಾತ್ರ ಉಳಿದ ಚಿತ್ರಕಲೆಯ ತರಗತಿ

ಕಳೆದ ವರ್ಷ ಬೇರೊಂದು ಕೆಲಸದ ನಿಮಿತ್ತ ನಾವು ತಾಲೂಕು ಕೇಂದ್ರವೊಂದರ ಸರಕಾರಿ ಪ್ರೌಢಶಾಲೆಗೆ ಹೋಗಿದ್ದೆವು. ಒಂಬತ್ತನೆಯ ತರಗತಿಯ ಗೋಡೆಯಲ್ಲಿ ವೇಳಾಪಟ್ಟಿಯನ್ನು ಅಂಟಿಸಲಾಗಿತ್ತು. ಗುರುವಾರದ ಕೊನೆಯ ಅವಧಿಯ ಚೌಕದಲ್ಲಿ ‘ಚಿತ್ರಕಲೆ’ ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು. ನಾವು ಹೋದದ್ದು ಗುರುವಾರವೇ, ಕೊನೆಯ ಅವಧಿಯಲ್ಲೇ. ಆದರೆ ಕರಿಹಲಗೆಯ ತುಂಬ ಗಣಿತದ ಬಹುಪದೋಕ್ತಿಗಳಿದ್ದವು. ಡ್ರಾಯಿಂಗ್ ಪೀರಿಯಡ್ ಯಾವಾಗ ಎಂದು ಮಕ್ಕಳನ್ನು ವಿಚಾರಿಸಿದರೆ ಅವರು ಪರಸ್ಪರ ಮುಖ ನೋಡಿಕೊಂಡು ನಕ್ಕರು. ಡ್ರಾಯಿಂಗ್ ಮೇಷ್ಟರು ನಿವೃತ್ತರಾಗಿ ವರ್ಷಗಳಾಗಿವೆಯೆಂದೂ ಆ ಹುದ್ದೆಗೆ ಮತ್ತೆ ಯಾರೂ ಬಂದಿಲ್ಲವೆಂದೂ ಆ ಬಳಿಕ ತಿಳಿಯಿತು. ಅವರು ಬಿಟ್ಟು ಹೋದ ಸುಣ್ಣದ ಶಂಕು, ಘನ, ಗೋಳಗಳು ಕಪಾಟಿನೊಳಗೆ ಧೂಳು ತಿನ್ನುತ್ತಿದ್ದವು.

ಇದಕ್ಕಾಗಿ ಗಣಿತದ ಶಿಕ್ಷಕರನ್ನು ದೂರುವುದು ಸುಲಭ. ಆದರೆ ಅದು ನ್ಯಾಯವಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಮೊದಲು, ಯಾವ ಜಿಲ್ಲೆ ಕೊನೆ ಎಂದು ಪತ್ರಿಕೆಗಳು ಪಟ್ಟಿ ಮಾಡುತ್ತವೆ. ಕೊನೆಯ ಸಾಲಿನ ಜಿಲ್ಲೆಯ ಅಧಿಕಾರಿ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಕೇಳುತ್ತಾರೆ, ಅವರು ಮುಖ್ಯೋಪಾಧ್ಯಾಯರನ್ನು ಕೇಳುತ್ತಾರೆ, ಮುಖ್ಯೋಪಾಧ್ಯಾಯರು ಗಣಿತ ಮತ್ತು ವಿಜ್ಞಾನದ ಶಿಕ್ಷಕರನ್ನು ಕೇಳುತ್ತಾರೆ. ಆ ಶಿಕ್ಷಕರ ಕಣ್ಣಿಗೆ ಬೀಳುವುದು ಯಾರೂ ಲೆಕ್ಕ ಕೇಳದ ಒಂದೇ ಅವಧಿ. ಹೀಗೆ ಮೇಲಿನಿಂದ ಇಳಿದು ಬಂದ ಒತ್ತಡವೆಲ್ಲ ಅಂತಿಮವಾಗಿ ಗುರುವಾರದ ಆ ಪುಟ್ಟ ಚೌಕದ ಮೇಲೆ ಬೀಳುತ್ತದೆ. ದಶಕಗಳ ಕಾಲ ನಮ್ಮ ಹತ್ತನೆಯ ತರಗತಿಯ ಮಕ್ಕಳ ಭವಿಷ್ಯವನ್ನು ನಿರ್ಧರಿಸಿದ 625 ಅಂಕಗಳಲ್ಲಿ ಚಿತ್ರಕಲೆಗೆ ಒಂದೇ ಒಂದು ಅಂಕವೂ ಇರಲಿಲ್ಲವಾದ್ದರಿಂದ ಅದನ್ನು ಕಬಳಿಸಿದವರನ್ನು ಪ್ರಶ್ನಿಸುವ ಅಗತ್ಯ ಯಾರಿಗೂ ಬರಲಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಚಿತ್ರಕಲೆಗೆ ಅಂಕವಿಲ್ಲವೆನ್ನುವ ಅದೇ ಪರೀಕ್ಷೆಯು ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಮಾನವ ಹೃದಯದ ನೀಳಛೇದ ನೋಟದ ಅಂದವಾದ ಚಿತ್ರ ಬರೆಯಲು ಹೇಳುತ್ತದೆ. ಹೂವಿನ ನೀಳಛೇದ, ಮೆದುಳು, ಕಣ್ಣು, ಮಸೂರದ ಮೂಲಕ ಹಾದುಹೋಗುವ ಬೆಳಕಿನ ಕಿರಣಗಳು ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ಸಮಾಜ ವಿಜ್ಞಾನದಲ್ಲಿ ಭಾರತದ ನಕಾಶೆ ಬರೆಯಬೇಕು. ಈ ಮಗುವಿಗೆ ಗೆರೆ ಎಳೆಯಲು ಯಾರು ಕಲಿಸಿದರು? ಎರಡು ಆಕೃತಿಗಳ ಅಳತೆಯನ್ನು ಕಣ್ಣಿನಿಂದಲೇ ಹೋಲಿಸುವುದನ್ನು, ದುಂಡಗಿನ ವಸ್ತುವೊಂದು ಹಾಳೆಯ ಮೇಲೆ ಯಾಕೆ ಚಪ್ಪಟೆಯಾಗಿ ಕಾಣುತ್ತದೆ ಎಂಬುದನ್ನು ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಪರಿಣಾಮವಾಗಿ ನಮ್ಮ ಮಕ್ಕಳು ಹೃದಯದ ಚಿತ್ರವನ್ನು ನೋಡುವುದಿಲ್ಲ, ಉರು ಹೊಡೆಯುತ್ತಾರೆ. ಗೆರೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು ಬಂದು ಉತ್ತರಪತ್ರಿಕೆಯಲ್ಲಿ ಇಳಿಸುತ್ತಾರೆ. ಬಲ ಹೃತ್ಕುಕ್ಷಿಗಿಂತ ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪಗಿದೆ ಎಂಬ ಪ್ರಶ್ನೆ ನಿಧಾನವಾಗಿ ನೋಡಿ ಬರೆಯುವ ಕೈಗೆ ತಾನಾಗಿಯೇ ಹೊಳೆಯುತ್ತದೆ. ಉರು ಹೊಡೆದ ಕೈಗೆ ಹೊಳೆಯುವುದಿಲ್ಲ. ಗಣಿತ ಮತ್ತು ವಿಜ್ಞಾನಕ್ಕಾಗಿ ಚಿತ್ರಕಲೆಯ ಅವಧಿಯನ್ನು ಬಲಿ ಕೊಟ್ಟವರು ಗಣಿತ ಮತ್ತು ವಿಜ್ಞಾನವನ್ನೇ ದುರ್ಬಲಗೊಳಿಸಿದ್ದಾರೆ ಎಂದು ನಮಗನಿಸುತ್ತದೆ.

ಕಾಗದದ ಮೇಲೆ ಮಾತ್ರ ಕಲೆಗೆ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲಾ ಶಿಕ್ಷಣದ ಎಲ್ಲ ಹಂತಗಳಲ್ಲೂ ಕಲೆ ಒಂದು ವಿಷಯವಾಗಿರಬೇಕೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಆರರಿಂದ ಎಂಟನೆಯ ತರಗತಿವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದು ತನ್ನ ಅನುಸೂಚಿಯಲ್ಲಿ ಬರೆಯಿತು. 2015ರಿಂದ ಕೇಂದ್ರ ಸರಕಾರವು ಪ್ರೌಢಶಾಲಾ ಮಕ್ಕಳಿಗೆಂದು ಕಲಾ ಉತ್ಸವ ನಡೆಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. ನಮ್ಮ ರಾಜ್ಯ ಆ ನೀತಿಯನ್ನು ಒಪ್ಪದೆ 2023ರಲ್ಲಿ ತನ್ನದೇ ಆಯೋಗ ರಚಿಸಿತು, 2025ರಲ್ಲಿ ವರದಿಯನ್ನೂ ಪಡೆಯಿತು. ನೀತಿಗಳ ಕುರಿತು ರಾಜಕೀಯ ಪಕ್ಷಗಳು ಬೇಕಾದಷ್ಟು ಜಗಳವಾಡಿವೆ, ಕೆಲವು ಜಗಳಗಳು ಅಗತ್ಯವೂ ಆಗಿದ್ದವು. ಆದರೆ ಗುರುವಾರದ ಕೊನೆಯ ಅವಧಿಯಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟರು ತರಗತಿಯೊಳಗೆ ಬಂದರೇ ಎಂಬ ಪ್ರಶ್ನೆಗೆ ಯಾವ ಪಕ್ಷವೂ ಧ್ವನಿ ಎತ್ತಿದಂತಿಲ್ಲ. ಇಷ್ಟಕ್ಕೂ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿ ಎಂಟನೆಯ ತರಗತಿಗೇ ಮುಗಿಯುತ್ತದೆ. ಒಂಬತ್ತು ಮತ್ತು ಹತ್ತನೆಯ ತರಗತಿಯ ಮಗುವಿಗೆ ಕಲಾ ಬೋಧಕರು ಬೇಕೆಂದು ಕೇಳಲು ಆ ಕಾಯ್ದೆಯಲ್ಲಿ ಒಂದು ಸಾಲಿನ ಆಧಾರವೂ ಇಲ್ಲ.

ಮೇಷ್ಟರು ಇರುವ ಶಾಲೆಗಳ ಪರಿಸ್ಥಿತಿಯೂ ಸಂತೋಷಪಡುವಂತಿಲ್ಲ. ವಾರ್ಷಿಕೋತ್ಸವದ ವೇದಿಕೆ, ಸ್ವಾತಂತ್ರ್ಯೋತ್ಸವದ ಕರಿಹಲಗೆ, ಅತಿಥಿಗಳಿಗೆ ಸುಸ್ವಾಗತದ ಬ್ಯಾನರು, ಬಿಸಿಯೂಟದ ಗೋಡೆಯ ಮೇಲಿನ ಪಟ್ಟಿ, ಇವೇ ಅವರ ಪಾಲಿನ ಕೆಲಸ. ಶಾಲೆಯ ದೃಷ್ಟಿಯಲ್ಲಿ ಅವರು ಅರ್ಧ ಶಿಕ್ಷಕರು, ಅರ್ಧ ಬೋರ್ಡು ಬರೆಯುವವರು. ಉಳಿದ ಸಮಯದಲ್ಲಿ ನಡೆಯುವ ತರಗತಿಯಲ್ಲಿ ಮಕ್ಕಳು ಬರೆಯುವ ಚಿತ್ರವೋ ರಾಜ್ಯದಾದ್ಯಂತ ಒಂದೇ: ಎರಡು ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಬೆಟ್ಟದ ಬುಡದಿಂದ ಹರಿದು ಬರುವ ನದಿ, ದಂಡೆಯಲ್ಲಿ ಗುಡಿಸಲು, ಆಚೀಚೆ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಉಳ್ಳಾಲದ ಕಡಲ ದಡದಲ್ಲಿ ಹುಟ್ಟಿದ ಮಗುವೂ ಇದನ್ನೇ ಬರೆಯುತ್ತದೆ. ರಾಯಚೂರಿನ ಬಂಡೆಗಲ್ಲುಗಳ ನಡುವೆ ಬೆಳೆದ ಮಗುವೂ ಇದನ್ನೇ ಬರೆಯುತ್ತದೆ. ತನ್ನ ಮನೆಯೆದುರಿನ ದೋಣಿಯನ್ನು, ಬೀಡಿ ಸುತ್ತುವ ತಾಯಿಯ ಮೊರವನ್ನು, ತಂದೆಯ ಗ್ಯಾರೇಜಿನ ಕಳಚಿಟ್ಟ ಇಂಜಿನನ್ನು ಚಿತ್ರವಾಗಿಸಬಹುದೆಂದು ಆ ಮಗುವಿಗೆ ಯಾರೂ ಹೇಳಿಲ್ಲ. ತನ್ನ ಬದುಕು ನೋಡಲು ಯೋಗ್ಯವಾದದ್ದಲ್ಲ, ನೋಡಲು ಯೋಗ್ಯವಾದದ್ದು ಎಲ್ಲೋ ದೂರದ ಬೆಟ್ಟದ ಹಿಂದಿದೆ ಎಂಬ ಪಾಠವನ್ನು ಬಡ ಮಗುವಿಗೆ ಇದಕ್ಕಿಂತ ಸಮರ್ಥವಾಗಿ ಕಲಿಸಲು ಸಾಧ್ಯವಿಲ್ಲ.

ಈ ಮಾತನ್ನು ಹೇಳುವಾಗ ನಮಗೆ ಬೀದರ್ ನೆನಪಾಗುತ್ತದೆ. ಬಿದರಿ ಕಲೆಯ ಬಗ್ಗೆ ನಾವೆಲ್ಲ ಕೇಳಿದ್ದೇವೆ. ಕಪ್ಪು ಲೋಹದ ಹೂಜಿಯ ಮೇಲೆ ಮಿಂಚುವ ಬೆಳ್ಳಿಯ ಬಳ್ಳಿಯನ್ನು ಸರಕಾರಿ ಮಳಿಗೆಯ ಗಾಜಿನ ಹಿಂದೆ ನೋಡಿದ್ದೇವೆ. ಆದರೆ ಅದು ತಯಾರಾಗುವ ಬಗೆಯನ್ನು ಬಲ್ಲವರು ಕಡಿಮೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಬಳಿಕ ಮೈಲುತುತ್ತದ ದ್ರಾವಣ ಸವರಿದಾಗ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಯಾಕೆ ಕಪ್ಪು ಮಾಡುತ್ತಾರೆ ಗೊತ್ತೇ? ಚಿತ್ರ ಬರೆಯಲಿಕ್ಕೆ. ಆ ಕಪ್ಪು ಮೈ ಮೇಲೆ ಕುಶಲಕರ್ಮಿಯು ಮೊನಚಾದ ಕಡ್ಡಿಯಿಂದ, ಅಳತೆಪಟ್ಟಿ ಇಲ್ಲದೆ, ಬರಿಗೈಯಲ್ಲಿ ಬಳ್ಳಿಯನ್ನೂ ಎಲೆಯನ್ನೂ ಹೂವನ್ನೂ ಗೀರುತ್ತಾನೆ. ದುಂಡಗಿನ ಹೂಜಿಯ ಸುತ್ತ ಹೊರಟ ಬಳ್ಳಿ ಆರಂಭದ ಜಾಗಕ್ಕೇ ಬಂದು ಸರಿಯಾಗಿ ಸೇರಬೇಕು. ಒಂದು ಎಲೆ ಹೆಚ್ಚಾಗುವಂತಿಲ್ಲ, ಕಡಿಮೆಯಾಗುವಂತಿಲ್ಲ. ಆ ಗೀರಿನ ಜಾಡಿನಲ್ಲೇ ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಲಾಗುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಲೇಪಿಸಿದಾಗ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ.

ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಬೀದರಿನ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ಅಭಿನಂದಿಸಿದೆವು, ಅಭಿನಂದಿಸಲೇಬೇಕಿತ್ತು. ಆದರೆ ಇಂಥದೊಂದು ಮನೆಯ ಹುಡುಗ ಪ್ರೌಢಶಾಲೆಗೆ ಹೋದಾಗ ಏನಾಗುತ್ತದೆಂದು ಯೋಚಿಸಿ. ತಂದೆಯ ಪಕ್ಕದಲ್ಲಿ ಕುಳಿತು ಎಂಟನೆಯ ವಯಸ್ಸಿನಿಂದಲೇ ಬಳ್ಳಿ ಬರೆಯಲು ಕಲಿತವನ ಆ ವಿದ್ಯೆಗೆ ಶಾಲೆಯ ದಾಖಲೆಯಲ್ಲಿ ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಹಿಂದೆ, ಗಣಿತದಲ್ಲಿ ಹಿಂದೆ ಎಂಬ ಎರಡು ಷರಾಗಳೇ ಅವನ ಗುರುತು. ಅವನು ಜ್ಯಾಮಿತಿಯನ್ನು ಕೈಯಲ್ಲಿಟ್ಟುಕೊಂಡೇ ಗಣಿತದಲ್ಲಿ ಅನುತ್ತೀರ್ಣನಾಗುತ್ತಾನೆ. ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗನನ್ನು ನಾವು ‘ಡ್ರಾಪ್‌ಔಟ್’ ಎನ್ನುತ್ತೇವೆ. ಅವನನ್ನು ಶಾಲೆಯೇ ಬಿಟ್ಟಿತ್ತು ಎಂದು ಯಾಕೆ ಹೇಳುವುದಿಲ್ಲ?

ಚಿತ್ರಕಾರ ಸೈಯದ್ ಹೈದರ್ ರಝಾ ಅವರ ಬಾಲ್ಯದ ಕುರಿತು ಒಂದು ಪ್ರಸಂಗ ಹೇಳಲಾಗುತ್ತದೆ. ಮಧ್ಯ ಭಾರತದ ಕಾಡಂಚಿನ ಹಳ್ಳಿಯ ಶಾಲೆಯಲ್ಲಿ ಅವರು ಓದುತ್ತಿದ್ದಾಗ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲವಂತೆ. ಮೇಷ್ಟರು ಬೆತ್ತ ತೆಗೆಯಲಿಲ್ಲ. ಗೋಡೆಯ ಮೇಲೊಂದು ಚುಕ್ಕೆ ಬರೆದು, ಇದನ್ನೇ ನೋಡುತ್ತ ಕೂತಿರು ಎಂದರು. ಮುಂದೆ ಆ ಹುಡುಗ ಪ್ಯಾರಿಸಿಗೆ ಹೋಗಿ ಜಗತ್ಪ್ರಸಿದ್ಧರಾದ ಮೇಲೆ ಅವರ ಚಿತ್ರಗಳ ಕೇಂದ್ರವಾದದ್ದು ಬಿಂದುವೇ. ಎಲ್ಲ ಮಕ್ಕಳೂ ರಝಾ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಮಗುವಿನ ಮನಸ್ಸು ಎಲ್ಲಿ ನಿಲ್ಲುತ್ತದೆಂದು ಹುಡುಕುವ ಒಬ್ಬ ಶಿಕ್ಷಕ ಅವರಿಗೆ ಸಿಕ್ಕಿದ್ದರು ಎಂಬುದಷ್ಟೇ ನಮ್ಮ ಗಮನಕ್ಕೆ ಬರಬೇಕಾದದ್ದು.

ಇನ್ನು ಹೊಟ್ಟೆಪಾಡಿನ ವಿಷಯ. ‘ಚಿತ್ರ ಬರೆದು ಏನು ಸಂಪಾದಿಸುತ್ತಾನೆ?’ ಎಂದು ಕೇಳುವ ಪೋಷಕರನ್ನು ನಾವು ತಪ್ಪು ತಿಳಿಯುವುದಿಲ್ಲ. ತಿಂಗಳ ಕೊನೆಯ ವಾರವನ್ನು ಸಾಲದಲ್ಲಿ ದೂಡುವ ಮನೆಯಲ್ಲಿ ಇದು ಮೊದಲ ಪ್ರಶ್ನೆಯೇ ಆಗಬೇಕು. ಆದರೆ ಉತ್ತರವನ್ನೂ ಪೂರ್ತಿಯಾಗಿ ತಿಳಿದುಕೊಳ್ಳಬೇಕಲ್ಲವೇ? ವಾಸ್ತುಶಿಲ್ಪದ ಪದವಿಗೆ ಸೇರಬೇಕಾದರೆ ಬರೆಯಬೇಕಾದ ನಾಟಾ ಪರೀಕ್ಷೆಯಲ್ಲಿ ರೇಖಾಚಿತ್ರದ ಪರೀಕ್ಷೆಯಿದೆ. ಐಐಟಿಗಳ ವಿನ್ಯಾಸ ಪದವಿಗಾಗಿ 2015ರಿಂದ ನಡೆದುಬಂದ ಯುಸೀಡ್ ಪರೀಕ್ಷೆಯಲ್ಲೂ ಕೈಯಲ್ಲಿ ಚಿತ್ರ ಬರೆಯಬೇಕು. ಎನ್‌ಐಡಿ, ನಿಫ್ಟ್‌ಗಳ ಪ್ರವೇಶಕ್ಕೂ ಅದೇ. ಮನೆ ಕಟ್ಟುವವರು, ಪೀಠೋಪಕರಣ ರೂಪಿಸುವವರು, ಬಟ್ಟೆ, ಚಪ್ಪಲಿ, ಪುಸ್ತಕದ ಪುಟ, ಮೊಬೈಲಿನ ಪರದೆ ವಿನ್ಯಾಸ ಮಾಡುವವರು ಈ ಬಾಗಿಲುಗಳಿಂದಲೇ ಬರುತ್ತಾರೆ. ಬೆಂಗಳೂರಿನ ಖಾಸಗಿ ಶಾಲೆಯ ಹುಡುಗಿ ಒಂಬತ್ತನೆಯ ತರಗತಿಯಲ್ಲಿರುವಾಗಲೇ ಇವುಗಳ ಹೆಸರು ಕೇಳಿರುತ್ತಾಳೆ. ಅವಳ ಶಾಲೆಯಲ್ಲಿ ಕಲಾ ಕೊಠಡಿಯಿದೆ, ಶನಿವಾರ ತರಬೇತಿ ಕೇಂದ್ರವಿದೆ, ಅದಕ್ಕೆ ಶುಲ್ಕ ಕಟ್ಟಲು ತಂದೆಯಿದ್ದಾರೆ. ಬೀದರಿನ ಕನ್ನಡ ಅಥವಾ ಉರ್ದು ಮಾಧ್ಯಮದ ಹುಡುಗಿಗೆ ಇದ್ದದ್ದು ಗುರುವಾರದ ಆ ಒಂದು ಅವಧಿ ಮಾತ್ರ. ಅದನ್ನೂ ಕಿತ್ತುಕೊಂಡ ಮೇಲೆ ಪ್ರವೇಶ ಪರೀಕ್ಷೆ ಎಲ್ಲರಿಗೂ ಸಮಾನ ಎಂದು ಹೇಳುವುದರಲ್ಲಿ ಏನು ಅರ್ಥವಿದೆ? ಕಲೆ ಶ್ರೀಮಂತರ ಹವ್ಯಾಸ ಎನ್ನುವವರಿದ್ದಾರೆ. ಸರಕಾರಿ ಶಾಲೆಯಿಂದ ಅದನ್ನು ಹೊರಹಾಕಿ ಹಾಗೆ ಮಾಡಿದವರು ನಾವೇ.

ಕಟ್ಟಡವಿಲ್ಲದ, ಶೌಚಾಲಯವಿಲ್ಲದ, ವಿಜ್ಞಾನಕ್ಕೇ ಶಿಕ್ಷಕರಿಲ್ಲದ ಶಾಲೆಗಳಿರುವಾಗ ಡ್ರಾಯಿಂಗ್ ಮೇಷ್ಟರಿಗಾಗಿ ಲೇಖನವೇ ಎಂದು ಯಾರಾದರೂ ಕೇಳಬಹುದು. ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಶೌಚಾಲಯವೋ ಚಿತ್ರಕಲೆಯೋ ಎಂದು ಒಂದನ್ನೇ ಆರಿಸಬೇಕಾದ ಪರಿಸ್ಥಿತಿ ನಿಜವಾಗಿಯೂ ಇದ್ದರೆ ನಾವು ಶೌಚಾಲಯವನ್ನೇ ಆರಿಸುತ್ತೇವೆ. ಆದರೆ ಹುದ್ದೆ ಖಾಲಿ ಬಿಟ್ಟು ಉಳಿಸಿದ ಹಣದಿಂದ ಯಾವ ಊರಿನಲ್ಲಿ ಶೌಚಾಲಯ ಕಟ್ಟಿದ್ದಾರೆ? ಬಡವರ ಶಾಲೆಯಲ್ಲಿ ಒಂದನ್ನು ಕೊಡದಿರಲು ಇನ್ನೊಂದನ್ನು ನೆಪವಾಗಿ ತೋರಿಸುವುದು ಹಳೆಯ ತಂತ್ರ. ಕೊನೆಗೆ ಎರಡೂ ಸಿಗುವುದಿಲ್ಲ.

ನಮ್ಮ ಸಮುದಾಯದ ಕೆಲವು ಮನೆಗಳಲ್ಲಿ ಬೇರೊಂದು ಅಳುಕಿದೆ. ಚಿತ್ರ ಬರೆಯುವುದು ಧರ್ಮಸಮ್ಮತವೇ ಎಂಬುದು. ಇದನ್ನು ಮುಚ್ಚಿಡುವ ಬದಲು ಮಾತಾಡುವುದೇ ಒಳ್ಳೆಯದು. ಜೀವಿಗಳ ಆಕೃತಿಗಳ ಕುರಿತು ಪ್ರವಾದಿವಚನಗಳಲ್ಲಿ ಎಚ್ಚರಿಕೆಯಿದೆ ಮತ್ತು ಅದರ ವ್ಯಾಪ್ತಿಯ ಬಗ್ಗೆ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಅದೇ ಬುಖಾರಿ ಗ್ರಂಥದಲ್ಲಿ, ಚಿತ್ರ ಬರೆದೇ ಬದುಕುತ್ತಿದ್ದ ವ್ಯಕ್ತಿಯೊಬ್ಬ ಇಬ್ನು ಅಬ್ಬಾಸ್(ರ)ರ ಬಳಿಗೆ ಬಂದ ಘಟನೆಯೂ ಇದೆ. ಅವರು ಆತನನ್ನು ಎಚ್ಚರಿಸಿದರು. ಆ ಬಳಿಕ, ಬರೆಯಲೇಬೇಕಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯಲು ಹೇಳಿದರು. ಆತನ ಕೈಯಿಂದ ಕುಂಚವನ್ನು ಕಸಿದುಕೊಳ್ಳಲಿಲ್ಲ, ಅದಕ್ಕೊಂದು ದಾರಿ ತೋರಿಸಿದರು. ಈ ದಾರಿಯಲ್ಲಿ ಮುಸ್ಲಿಮರು ಎಷ್ಟು ದೂರ ಸಾಗಿದ್ದರೆಂದು ನೋಡಲು ದೂರ ಹೋಗಬೇಕಿಲ್ಲ. ವಿಜಯಪುರದ ಇಬ್ರಾಹೀಮ್ ರೋಜಾಕ್ಕೆ ಹೋದರೆ ಸಾಕು. ಅಲ್ಲಿ ಕಿಟಕಿಯ ಕಲ್ಲಿನ ಜಾಲಂಧ್ರಗಳೇ ಅಕ್ಷರಗಳಾಗಿವೆ, ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ. ಅಲ್ಲಿ ಸಮಾಧಿಯಾಗಿರುವ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ (ಆಳ್ವಿಕೆ 1580-1627) ಸ್ವತಃ ಲಿಪಿಕಾರನೂ ಚಿತ್ರಕಾರನೂ ಆಗಿದ್ದ. ಅಕ್ಷರ, ಬಳ್ಳಿ, ರೇಖಾವಿನ್ಯಾಸ ಈ ಮೂರನ್ನೇ ಹಿಡಿದು ಒಂದಿಡೀ ಪ್ರೌಢಶಾಲಾ ಪಠ್ಯವನ್ನು ರೂಪಿಸಬಹುದು. ಯಾವ ಮಗುವಿಗಾದರೂ ಕೊಟ್ಟ ವಿಷಯದ ಚಿತ್ರ ಬರೆಯಲು ಮನಸ್ಸಾಕ್ಷಿ ಒಪ್ಪದಿದ್ದರೆ ಬೇರೆ ವಿಷಯ ಕೊಡುವಷ್ಟು ಸೌಜನ್ಯ ಶಾಲೆಗಳಲ್ಲಿರಬೇಕು. ಅದನ್ನೊಂದು ವಿವಾದ ಮಾಡಬೇಕಿಲ್ಲ. ಅಷ್ಟಕ್ಕಾಗಿ ಮಗುವನ್ನು ತರಗತಿಯಿಂದಲೇ ಹೊರಗಿಡಬೇಕಾಗಿಯೂ ಇಲ್ಲ.

ಅಂದಹಾಗೆ, ಇಂದು ನಾವು ಮಸೀದಿ ಕಟ್ಟುವಾಗ ಮಿಹ್ರಾಬಿನ ಮೇಲೆ ಅಕ್ಷರ ಬರೆಸಲು ಹೊರಗಿನಿಂದ ಜನ ಕರೆಸುತ್ತೇವೆ. ಇಲ್ಲವೇ ಯಂತ್ರದಲ್ಲಿ ಕತ್ತರಿಸಿದ ಹಲಗೆಯನ್ನು ತಂದು ಅಂಟಿಸುತ್ತೇವೆ. ಊರಿನ ಶಾಲೆಯಲ್ಲಿ ಕಲಿತ ಒಂದು ಕೈಯೂ ನಮಗೆ ಸಿಗುವುದಿಲ್ಲ.

ಸರಕಾರವನ್ನು ಪ್ರಶ್ನಿಸುವ ಮೊದಲು ನಮ್ಮದೇ ಸಂಸ್ಥೆಗಳನ್ನೂ ನೋಡಬೇಕಿದೆ. ಸಮುದಾಯವು ಕಳೆದ ಎರಡು ಮೂರು ದಶಕಗಳಲ್ಲಿ ಅನೇಕ ಪ್ರೌಢಶಾಲೆಗಳನ್ನು ಕಟ್ಟಿದೆ, ಅದು ಹೆಮ್ಮೆಯ ವಿಷಯ. ಅವುಗಳ ಜಾಹೀರಾತುಗಳಲ್ಲಿ ಕಂಪ್ಯೂಟರ್ ಲ್ಯಾಬ್ ಇರುತ್ತದೆ, ಶೇಕಡಾವಾರು ಫಲಿತಾಂಶ ಇರುತ್ತದೆ, ಬಸ್ಸು ಇರುತ್ತದೆ. ಕಲಾ ಕೊಠಡಿ ಇದೆಯೆಂದು ಹೇಳಿಕೊಂಡ ಜಾಹೀರಾತನ್ನು ನಾವು ಕಂಡದ್ದು ವಿರಳ. ರಾಜ್ಯದ ಪರೀಕ್ಷಾ ಮಂಡಳಿಯೇ ಲೋಯರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳನ್ನು ನಡೆಸುತ್ತಾ ಬಂದಿದೆ. ಅವುಗಳಿಗೆ ಕಟ್ಟಬೇಕಾದದ್ದು ದೊಡ್ಡ ಮೊತ್ತವೇನಲ್ಲ, ಆದರೂ ಮಕ್ಕಳನ್ನು ಕೂರಿಸುವ ಉತ್ಸಾಹ ಎಷ್ಟು ಆಡಳಿತ ಮಂಡಳಿಗಳಲ್ಲಿದೆ? ನೆರೆಯ ಮಹಾರಾಷ್ಟ್ರದಲ್ಲಿ ಇಂಥದೇ ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಉತ್ತೀರ್ಣರಾದ ಮಕ್ಕಳಿಗೆ ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಹೆಚ್ಚುವರಿ ಅಂಕ ಕೊಡುವ ಪದ್ಧತಿ ಬಂತು. ಅಂಕಕ್ಕಾಗಿಯೇ ಕಲೆ ಎಂಬುದು ನಮಗೂ ಇಷ್ಟದ ಮಾತಲ್ಲ. ಆದರೆ ಅಂಕವನ್ನೇ ಭಾಷೆಯಾಗಿ ಮಾಡಿಕೊಂಡ ವ್ಯವಸ್ಥೆಗೆ ಅದರ ಭಾಷೆಯಲ್ಲೇ ಹೇಳಬೇಕಾಗುತ್ತದೆ. ಕರ್ನಾಟಕ ಇದನ್ನು ಯಾಕೆ ಪರಿಶೀಲಿಸಬಾರದು?

ಪ್ರತಿ ಪ್ರೌಢಶಾಲೆಗೂ ಒಬ್ಬ ಖಾಯಂ ಚಿತ್ರಕಲಾ ಶಿಕ್ಷಕರು ಬೇಕೆಂಬುದೇ ನ್ಯಾಯವಾದ ಬೇಡಿಕೆ. ಅದು ಈಡೇರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಹತ್ತಿರದ ಎರಡು ಮೂರು ಶಾಲೆಗಳಿಗೆ ಒಬ್ಬ ಶಿಕ್ಷಕರನ್ನು ದಿನ ಹಂಚಿ ಕಳುಹಿಸಬಹುದು. ಬೀದರಿನಲ್ಲಿ ಬಿದರಿಯವರನ್ನು, ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರನ್ನು, ಧಾರವಾಡದಲ್ಲಿ ಎಳೆ ಎಣಿಸಿ ಕಸೂತಿ ಹಾಕುವ ಮಹಿಳೆಯರನ್ನು ಅತಿಥಿ ಬೋಧಕರಾಗಿ ಕರೆದು ಗೌರವಧನ ಕೊಡಬಹುದು. ಬಿ.ಇಡಿ ಇಲ್ಲ ಎಂಬ ಕಾರಣಕ್ಕೆ ಅವರನ್ನು ಬಾಗಿಲಲ್ಲೇ ನಿಲ್ಲಿಸುವ ನಿಯಮವಿದ್ದರೆ ಆ ನಿಯಮವನ್ನು ಬದಲಿಸಬಹುದು. ಸಾಮಗ್ರಿಯ ಕೊರತೆ ದೊಡ್ಡ ಅಡ್ಡಿಯಲ್ಲ. ಒಂದು ಪೆನ್ಸಿಲು, ಹಳೆಯ ಪ್ರಶ್ನೆಪತ್ರಿಕೆಗಳ ಖಾಲಿ ಹಿಂಬದಿ, ಮೇಜಿನ ಮೇಲಿಟ್ಟ ಒಂದು ಚೊಂಬು ಇಷ್ಟಿದ್ದರೆ ಮೊದಲ ಮೂರು ತಿಂಗಳ ಪಾಠ ನಡೆಯುತ್ತದೆ. ಇಲ್ಲದಿರುವುದು ಸಮಯ. ವೇಳಾಪಟ್ಟಿಯಲ್ಲಿ ಚಿತ್ರಕಲೆ ಎಂದು ಬರೆದ ಅವಧಿಯಲ್ಲಿ ಬೇರೆ ಪಾಠ ಮಾಡಕೂಡದೆಂಬ ಒಂದು ಸುತ್ತೋಲೆ ಹೊರಡಿಸಲು ಇಲಾಖೆಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಮತ್ತು ಪೋಷಕರು. ಹೊಸ ಶೈಕ್ಷಣಿಕ ವರ್ಷದ ಮೊದಲ ಸಭೆಗೆ ಹೋದಾಗ ಮಗನ ಗಣಿತದ ಅಂಕ ಎಷ್ಟೆಂದು ನಾವು ತಪ್ಪದೆ ವಿಚಾರಿಸುತ್ತೇವೆ. ಈ ಬಾರಿ ತರಗತಿಯ ಗೋಡೆಯಲ್ಲಿರುವ ವೇಳಾಪಟ್ಟಿಯನ್ನೂ ಒಮ್ಮೆ ಓದೋಣ. ಅದರಲ್ಲಿ ಚಿತ್ರಕಲೆಯ ಅವಧಿ ಎಲ್ಲಿದೆ, ಕಳೆದ ವರ್ಷ ಅದು ಎಷ್ಟು ಬಾರಿ ನಡೆಯಿತು, ಆ ಕಪಾಟಿನ ಬೀಗದ ಕೈ ಯಾರ ಬಳಿಯಿದೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳೋಣ. ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಅವರ ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಲಿ.